ಟೆಸ್ಟಿನ ಮೇಲೊಂದು ಟೆಸ್ಟ್

ನಿನ್ನೆ ಸಂಜೆಯ ಉರಿ ಇನ್ನೂ ಆರಿಲ್ಲ. ಓಣಿಯ ಚಹಾದಂಗಡಿಯಲ್ಲಿ ನಿಂತು, "ಅಣ್ಣನ ಮಗಳದು ನಾಳಿ ಸಿಇಟಿ ಟೆಸ್ಟ್ ಎಕ್ಸಾಮ್ ಅದ" ಅಂದೆ, ಅಷ್ಟೇ. ಪಕ್ಕದಲ್ಲಿದ್ದ ಮಾಸ್ತರ್ ಕಾಕಾ ಬಸಿಯನ್ನು ಕೆಳಗಿಟ್ಟರು.

"ತಮ್ಮಾ, ಸಿಇಟಿ ಅಂದ್ರ ಏನು?"

"ಕಾಮನ್ ಎಂಟ್ರೆನ್ಸ್ ಟೆಸ್ಟ್ ರೀ."

"ಅದರಾಗೇ ಒಂದು ಟೆಸ್ಟ್ ಅದ. ನೀ ಇನ್ನೊಂದು ಟೆಸ್ಟ್ ಹಚ್ಚಿದಿ. ಅದರ ಮ್ಯಾಲ ಎಕ್ಸಾಮ್. ಪಾಪ, ಹುಡುಗಿ ಎಷ್ಟು ಪರೀಕ್ಷಾ ಬರೀಬೇಕು?"

ಅಂಗಡಿಯವನೂ ನಕ್ಕ. ನನಗೆ ಐವತ್ತೆರಡು ವರ್ಷ ಸ್ವಾಮಿ. ಸಿಇಟಿ ಶುರುವಾದ 1994ರಿಂದ ಇಡೀ ಕರ್ನಾಟಕ ಹೀಗೇ ಅನ್ನುತ್ತಿದೆ, ಸಿಕ್ಕಿಬಿದ್ದದ್ದು ಮಾತ್ರ ನಾನು.

ಕಾಕಾ ರಿಟೈರ್ ಆದರೂ ಅವರ ಕೆಂಪು ಪೆನ್ನು ಆಗಿಲ್ಲ, ಜೇಬಿನಲ್ಲೇ ಇದೆ. ಲಗ್ನಪತ್ರಿಕೆ ಕೊಟ್ಟರೆ ಮೊದಲು ಕಾಗುಣಿತ ನೋಡುತ್ತಾರೆ, ಆಮೇಲೆ ತಾರೀಖು. 'ನೀಟ್ ಎಕ್ಸಾಮ್' ಅಂದವರನ್ನೂ ಬಿಡುವುದಿಲ್ಲ, ಅದರ ಬಾಲದಲ್ಲೂ ಟೆಸ್ಟ್ ಇದೆಯಲ್ಲ. 'ನಮ್ಮ ಹುಡುಗ ಪಾಸ್ ಔಟ್ ಆದ' ಅಂದರೆ, "ಎಚ್ಚರ ತಪ್ಪಿ ಬಿದ್ದನೇನು? ಮುಖಕ್ಕ ನೀರು ಹೊಡೀರಿ" ಅನ್ನುತ್ತಾರೆ. ಮೊನ್ನೆ ಎದುರು ಮನೆಯವ "ಎಕ್ಸಾಮ್ ಕೊಟ್ಟು ಬಂದೆ" ಅಂದ. ಕಲಬುರಗಿ ಹುಡುಗ, ಉರ್ದುವಿನ 'ಇಮ್ತಿಹಾನ್ ದೇನಾ' (ಪರೀಕ್ಷೆ ಕೊಡೋದು) ಕೇಳುತ್ತಲೇ ಬೆಳೆದವ, ಇನ್ನೇನು ಅಂದಾನು? "ಇಂಗ್ಲಿಷಿನಾಗ ಕೊಡಾಂವ ಮಾಸ್ತರ, ತಗೊಳ್ಳಾಂವ ಹುಡುಗ" ಅಂತ ಬಿಸಿಲಲ್ಲೇ ಅರ್ಧ ತಾಸು ನಿಲ್ಲಿಸಿದರು. ಬೇಕಾದರೆ 'ಬರದೆ' ಅನ್ನು ಅಂತ ರಿಯಾಯಿತಿ ಬೇರೆ! ಸಿಇಟಿಯಲ್ಲಿ ಬರೆಯೋದೇನಿದೆ? ಒಂದೊಂದು ಪೇಪರಿಗೆ 60 ಪ್ರಶ್ನೆ, 80 ನಿಮಿಷ, ಬಾಲ್ ಪೆನ್ನಿನಿಂದ ಸೊನ್ನೆಗಳಿಗೆ ಮಸಿ ಬಳಿಯೋದು. ಇದು ನನಗೆ ಹೊಳೆದದ್ದು ರಾತ್ರಿ ಹಾಸಿಗೆಯಲ್ಲಿ. ಒಳ್ಳೆಯ ಉತ್ತರಗಳೆಲ್ಲ ಬೆಲ್ ಆದಮೇಲೇ ಹೊಳೆಯೋದು, ಅಲ್ವಾ?

ಇವತ್ತು ಸೆಂಟರಿನ ಗೇಟಿನ ಹೊರಗೆ ಬೇವಿನ ಮರದ ನೆರಳಿಗೆ ಪಾಲಕರ ಜಗಳ. ಅಲ್ಲಿ ನೋಡಿದರೆ ಕಾಕಾ! ತಲೆ ಮೇಲೆ ಒದ್ದೆ ಟವೆಲ್, ಕೈಯಲ್ಲಿ ಮಜ್ಜಿಗೆ ಬಾಟಲಿ. ಯಾರೂ ಕರೆದಿರಲಿಲ್ಲ.

ಹುಡುಗಿ ಹೊರಗೆ ಬಂದಳು.

"ಪೇಪರ್ ಹ್ಯಾಂಗ ಹೋಯ್ತವ್ವಾ?" ಅಂದರು.

ಪೇಪರ್ ಎಲ್ಲಿಗೆ ಹೋಗುತ್ತದೆ ಕಾಕಾ, ಯಾವ ಬಸ್ಸಿಗೆ? ಕೇಳಬಹುದಿತ್ತು. ಬಾಯಿ ಬರಲಿಲ್ಲ. ನಮ್ಮಪ್ಪನೂ ಹೀಗೇ ಕೇಳುತ್ತಿದ್ದ. ಹೆಬ್ಬೆಟ್ಟಿನ ಮನುಷ್ಯ. ಹೊಲದಿಂದ ಬಂದವನೇ ಕಾಲು ಕೂಡ ತೊಳೆಯದೆ ಕೇಳುತ್ತಿದ್ದ. ಎಷ್ಟು ಕೆಟ್ಟು ಹೋಗಿದ್ದರೂ ನಾನು "ಚಲೋ ಹೋಯ್ತು" ಅನ್ನುತ್ತಿದ್ದೆ.

"ಚಲೋ ಹೋಯ್ತು" ಅಂದಳು ಇವಳೂ. ಮಜ್ಜಿಗೆ ಗಟಗಟ ಕುಡಿದು ತುಟಿ ಒರೆಸಿಕೊಂಡಳು. "ನಾಳಿ ಮ್ಯಾಥ್ಸ್ ಟೆಸ್ಟ್ ಪೇಪರ್ ಎಕ್ಸಾಮ್ ಅದ ಮುತ್ಯಾ."

ಕಾಕಾನ ಕೈ ಜೇಬಿಗೆ ಹೋಯಿತು. ನಾನು ಗಾಡಿಗೆ ಕಿಕ್ ಹೊಡೆದೆ.