ವೋಲ್ಟೇಜ್ ಕುಸಿದಾಗ ಡೇಟಾ ಸೆಂಟರ್ ಗ್ರಿಡ್ ಬಿಡಬಹುದೇ?

ಪ್ರಶ್ನೆ: ಕ್ಷಣಿಕ ವೋಲ್ಟೇಜ್ ಕುಸಿತಕ್ಕೆ ಗ್ರಿಡ್‌ನಿಂದ ಕಳಚಿಕೊಳ್ಳಬಾರದೆಂದು ದೊಡ್ಡ ಡೇಟಾ ಸೆಂಟರ್‌ಗಳಿಗೆ ಕಡ್ಡಾಯ ಮಾಡಬೇಕೇ?

ಪರ: ಮಾಡಲೇಬೇಕು

2024ರ ಜುಲೈ 10ರ ಸಂಜೆ ಅಮೆರಿಕದ ಉತ್ತರ ವರ್ಜೀನಿಯಾದ 230 ಕೆ.ವಿ. ಮಾರ್ಗವೊಂದರಲ್ಲಿ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಅಧಿಕ ವೋಲ್ಟೇಜ್‌ನಿಂದ ಕಾಯುವ ಸಾಧನ) ಕೆಟ್ಟಿತು. ದೋಷ ಕಂಡೊಡನೆ ಮಾರ್ಗವನ್ನು ಕಡಿಯುವ ಬ್ರೇಕರ್‌ಗಳು ಅದನ್ನು ತಾವಾಗಿ ಮತ್ತೆ ಮತ್ತೆ ಜೋಡಿಸಲು ನೋಡಿದವು. 82 ಸೆಕೆಂಡಿನಲ್ಲಿ ಆರು ಫಾಲ್ಟ್‌ಗಳಾದವು, ಅಂದರೆ ಆರು ಸಲ ಶಾರ್ಟ್ ಸರ್ಕ್ಯೂಟ್ ಆಗಿ ವೋಲ್ಟೇಜ್ ಕುಸಿಯಿತು. ಪ್ರತಿಯೊಂದೂ 42ರಿಂದ 66 ಮಿಲಿಸೆಕೆಂಡಿನಲ್ಲಿ ತೆರವಾಯಿತು. ಆದರೂ ಸುಮಾರು 1,500 ಮೆಗಾವಾಟ್ ಲೋಡ್ (ವಿದ್ಯುತ್ ಬಳಕೆ) ಗ್ರಿಡ್‌ನಿಂದ ಕಳಚಿಹೋಯಿತು. ವಿದ್ಯುತ್ ಕಂಪನಿ ಅದನ್ನು ಕಡಿದಿರಲಿಲ್ಲ, ಡೇಟಾ ಸೆಂಟರ್‌ಗಳೇ ಬಿಟ್ಟುಹೋಗಿದ್ದವು.

ಮೂಲ ಇರುವುದು ಯುಪಿಎಸ್‌ನ (ಕರೆಂಟ್ ಕೈಕೊಟ್ಟಾಗ ಬ್ಯಾಟರಿಯಿಂದ ಸರ್ವರ್ ನಡೆಸುವ ಸಾಧನ) ಒಂದು ಎಣಿಕೆಯಲ್ಲಿ. ನಿಮಿಷದೊಳಗೆ ಮೂರು ಸಲ ವೋಲ್ಟೇಜ್ ಏರುಪೇರಾದರೆ ಲೋಡ್ ಬ್ಯಾಕಪ್‌ಗೆ ಹೋಗಿ ಅಲ್ಲೇ ಉಳಿಯುತ್ತದೆ. ಯಾರಾದರೂ ಕೈಯಾರೆ ಮರಳಿಸಬೇಕು. ಒಂದು ಕಟ್ಟಡಕ್ಕೆ ಇದು ವಿವೇಕದ ಸೆಟ್ಟಿಂಗ್. ಅದೇ ಸೆಟ್ಟಿಂಗ್‌ನ ಹತ್ತಾರು ಕಟ್ಟಡಗಳು ಒಂದೇ ಪ್ರದೇಶದಲ್ಲಿದ್ದರೆ ಎಲ್ಲವೂ ಒಟ್ಟಿಗೇ ಹೊರಬೀಳುತ್ತವೆ. ಅಂದು 60 ಹರ್ಟ್ಸ್ ಇರಬೇಕಾದ ಆವರ್ತನ 60.047ಕ್ಕೆ, ವೋಲ್ಟೇಜ್ ಸಾಮಾನ್ಯ ಮಟ್ಟದ ಶೇ 107ರವರೆಗೆ ಏರಿತು. ವೋಲ್ಟೇಜ್ ಎತ್ತಿಹಿಡಿಯುವ ಕೆಪಾಸಿಟರ್ ಬ್ಯಾಂಕ್‌ಗಳನ್ನು ಗ್ರಿಡ್‌ನಿಂದ ತೆಗೆದು ಅದನ್ನು ಇಳಿಸಬೇಕಾಯಿತು. ಇದಕ್ಕೂ ದೊಡ್ಡ ಲೋಡ್ ಹೀಗೆ ಹೋದರೆ ಅಧಿಕ ವೋಲ್ಟೇಜ್‌ಗೆ ಉತ್ಪಾದನಾ ಘಟಕಗಳೇ ಟ್ರಿಪ್ ಆಗಬಹುದು (ತಾವಾಗಿ ನಿಂತುಬಿಡಬಹುದು).

ಭಾರತದಲ್ಲಿ ಗಾಳಿ ಮತ್ತು ಸೌರ ಸ್ಥಾವರಗಳಿಗೆ ಈ ಹೊಣೆ ಈಗಾಗಲೇ ಇದೆ: ವೋಲ್ಟೇಜ್ ಶೇ 15ಕ್ಕೆ ಕುಸಿದರೂ 300 ಮಿಲಿಸೆಕೆಂಡ್ ಗ್ರಿಡ್ ಬಿಡುವಂತಿಲ್ಲ. ಪಾವಗಡ ಸೌರ ಪಾರ್ಕಿನ ಇನ್ವರ್ಟರ್ ಹೊರುವ ಹೊಣೆಯನ್ನು ನೂರಾರು ಮೆಗಾವಾಟ್ ಎಳೆಯುವ ಬಳಕೆದಾರನೂ ಹೊರಲಿ. ಕುಸಿತದ ಹೊತ್ತಿಗೆ ಬ್ಯಾಟರಿಗೆ ಹೋಗಲಿ, ತಪ್ಪಿಲ್ಲ. ವೋಲ್ಟೇಜ್ ಸರಿಯಾದೊಡನೆ ತಾನಾಗಿ ಮರಳಬೇಕು, ಮತ್ತು ಆ ಸೆಟ್ಟಿಂಗ್ ಸಂಪರ್ಕ ಒಪ್ಪಂದದಲ್ಲೇ ಇರಬೇಕು.

ವಿರೋಧ: ಎಲ್ಲರಿಗೂ ಒಂದೇ ಅಳತೆ ಬೇಡ

ಯುಪಿಎಸ್ ಒಂದನ್ನೇ ನೋಡಿ ನಿಯಮ ಬರೆಯಲಾಗದು. ಸರ್ವರ್‌ಗಳನ್ನು ತಂಪಾಗಿಡುವ ಚಿಲ್ಲರ್, ದೊಡ್ಡ ಪಂಪುಗಳು ಸಾಮಾನ್ಯವಾಗಿ ಯುಪಿಎಸ್ ಆಸರೆಯಲ್ಲಿ ಇರುವುದಿಲ್ಲ. ವೋಲ್ಟೇಜ್ ಅರ್ಧದ ಆಸುಪಾಸಿಗೆ ಇಳಿದರೆ ಅವುಗಳ ಕಾಂಟ್ಯಾಕ್ಟರ್ (ವಿದ್ಯುತ್ಕಾಂತದ ಸ್ವಿಚ್) ಕಾಯಿಲ್ ಹಿಡಿತ ಬಿಡುತ್ತದೆ, ಮೋಟಾರ್ ಡ್ರೈವ್ ಟ್ರಿಪ್ ಆಗುತ್ತದೆ. ನಿಂತ ಚಿಲ್ಲರ್ ಪೂರ್ತಿ ತಂಪು ಕೊಡಲು ನಿಮಿಷಗಳೇ ಬೇಕು. ಒತ್ತೊತ್ತಾಗಿ ತುಂಬಿದ ಎಐ ರ‍್ಯಾಕ್‌ಗಳು ಅಷ್ಟು ಕಾಯುವುದಿಲ್ಲ. ಬ್ಯಾಟರಿಯೂ ಹೆಚ್ಚೆಂದರೆ ಕೆಲವು ನಿಮಿಷಗಳದ್ದು. ಪದೇ ಪದೇ ಕುಸಿಯುವ ಗ್ರಿಡ್‌ಗೆ ಮರಳಿ ಮರಳಿ ಅದನ್ನು ಬರಿದು ಮಾಡಿಕೊಂಡರೆ, ಜನರೇಟರ್ ನಿಜಕ್ಕೂ ಬೇಕಾದ ಹೊತ್ತಿಗೆ ಅದು ಚಾಲೂ ಆಗುವವರೆಗಿನ ಆಸರೆಯೂ ಇರದು. ಮೂರರ ಎಣಿಕೆ ಹುಟ್ಟಿದ್ದು ಈ ಅಂಜಿಕೆಯಿಂದಲೇ.

ವರ್ಜೀನಿಯಾದ್ದೇ ಉದಾಹರಣೆ ನೋಡಿ. ಮಾರ್ಗದ ಎರಡೂ ತುದಿಗಳಲ್ಲಿ ಸರದಿಯಂತೆ ಮೂರು ಮೂರು ರಿಕ್ಲೋಸ್ (ಮತ್ತೆ ಜೋಡಿಸುವ) ಪ್ರಯತ್ನಗಳನ್ನು ಇಟ್ಟಿದ್ದರು. ಕೆಟ್ಟ ಅರೆಸ್ಟರ್ ಎಷ್ಟು ಸಲ ಜೋಡಿಸಿದರೂ ಕೆಟ್ಟದ್ದೇ. ಒಂದು ತುದಿಯಿಂದ ಒಂದೇ ಸಲ ಪರೀಕ್ಷಿಸಿ, ಮಾರ್ಗ ಸರಿಯಿದ್ದರೆ ಮಾತ್ರ ಇನ್ನೊಂದು ತುದಿ ಮುಚ್ಚುವಂತೆ ಇಟ್ಟಿದ್ದರೆ ಆಗುತ್ತಿದ್ದುದು ಎರಡೇ ಫಾಲ್ಟ್. ಎಣಿಕೆ ಮೂರು ಮುಟ್ಟುತ್ತಲೇ ಇರಲಿಲ್ಲ. ಡೇಟಾ ಸೆಂಟರ್‌ಗಳು ಕಿಕ್ಕಿರಿದ ಕಡೆ ಮೊದಲು ತಿದ್ದಬೇಕಾದ್ದು ಬ್ರೇಕರ್ ನಡೆಸುವ ಈ ರಿಲೇ ಸೆಟ್ಟಿಂಗ್.

ಇನ್ನು ‘ತಾನಾಗಿ ಮರಳಬೇಕು’ ಎಂಬ ಮಾತು. 1,500 ಮೆಗಾವಾಟ್ ಒಂದೇ ಸೆಕೆಂಡಿಗೆ ಮರಳಿದರೆ ಗ್ರಿಡ್‌ಗೆ ಅದು ಎರಡನೇ ಪೆಟ್ಟು, ಈ ಸಲ ಕೆಳಮುಖವಾಗಿ. ಯುಪಿಎಸ್‌ನ ರೆಕ್ಟಿಫೈಯರ್ (ಗ್ರಿಡ್‌ನಿಂದ ವಿದ್ಯುತ್ ಎಳೆಯುವ ಭಾಗ) ಮೆಲ್ಲನೆ ಏರುವಂತೆ, ಸರ್ವರ್ ಹಾಲ್‌ಗಳು ಒಂದಾದ ಮೇಲೊಂದು ಬರುವಂತೆ, ಜನರೇಟರ್ ಮೇಲೆ ಇರುವವು ಲೋಡ್ ಡಿಸ್ಪ್ಯಾಚ್ ಕೇಂದ್ರದ ಒಪ್ಪಿಗೆ ಪಡೆದೇ ಬರುವಂತೆ ಹೊಂದಿಸಬೇಕು. ಎಷ್ಟು ಹೊತ್ತಿಗೆ ಎಷ್ಟು ಮೆಗಾವಾಟ್ ಎಂಬುದು ಆ ಸಬ್‌ಸ್ಟೇಷನ್‌ನ ಶಾರ್ಟ್ ಸರ್ಕ್ಯೂಟ್ ಬಲವನ್ನು (ಪೆಟ್ಟು ಬಿದ್ದಾಗ ವೋಲ್ಟೇಜ್ ಹಿಡಿದಿಡುವ ಅಲ್ಲಿನ ಗ್ರಿಡ್‌ನ ಶಕ್ತಿ) ಲೆಕ್ಕ ಹಾಕಿದ ಮೇಲಷ್ಟೇ ತಿಳಿಯುತ್ತದೆ.