ಬೈಕುಲಾ ಸ್ಟೇಷನ್ನಿನ ಹಳೇ ಕಟ್ಟಡ: ಹಾಗೇ ಉಳಿಸಬೇಕಾ?

ಪರ

1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು ಓಡಿದ್ದು ಬೈಕುಲಾ ದಾಟಿಕೊಂಡೇ. ಆಗಿನ ಬೋರಿಬಂದರ್ ಸ್ಟೇಷನ್ ಈಗಿಲ್ಲ. ಅದರ ಬದಲು ಬಂದ, ಜನ ಮುಗಿಬಿದ್ದು ಫೋಟೊ ತೆಗೆಯುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಟ್ಟಡ ಮುಗಿದಿದ್ದು 1888ರಲ್ಲಿ. ಬೈಕುಲಾದ ಕಲ್ಲಿನ ಕಟ್ಟಡ 1857ರದ್ದು. ಇವತ್ತಿಗೂ ಅದು ಮ್ಯೂಸಿಯಂ ಆಗಿಲ್ಲ, ಸ್ಟೇಷನ್ನಾಗಿಯೇ ದುಡಿಯುತ್ತಿದೆ. ಇದಕ್ಕಿಂತ ಇನ್ನೇನು ಬೇಕು?

ದಪ್ಪ ಕಲ್ಲಿನ ಗೋಡೆ, ಎತ್ತರದ ಚಾವಣಿ, ಕಮಾನಿನ ಕಿಟಕಿ. ಮೇ ತಿಂಗಳ ಬೆವರಿನಲ್ಲಿ ಪ್ಲಾಟ್‌ಫಾರ್ಮಿನ ತಗಡಿನ ಶೀಟು ಬಿಟ್ಟು ಒಳಗೆ ಬಂದು ನಿಂತರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಫ್ಯಾನು, ಎಸಿ ಇಲ್ಲದ ಕಾಲದವರು ಲೆಕ್ಕ ಹಾಕಿಯೇ ಕಟ್ಟಿದ್ದರು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಇದರ ದುರಸ್ತಿ ನಡೆಯಿತು. 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣೆ ಪ್ರಶಸ್ತಿಯೂ ಬಂತು. ಖರ್ಚಿಗೆ ಖಾಸಗಿ ಟ್ರಸ್ಟಿನ ನೆರವಿತ್ತು. ನೂಕುನುಗ್ಗಲು ಆಗುವುದು ಸೇತುವೆ, ಮೆಟ್ಟಿಲುಗಳ ಮೇಲೆ. ಕಟ್ಟಡ ಕೆಡವಿದರೆ ಅದು ಕರಗುತ್ತದಾ?

ವಿರೋಧ

ಕಮಾನು ಚೆನ್ನಾಗಿದೆ, ಒಪ್ಪೋಣ. ಆದರೆ ಬೈಕುಲಾದಿಂದ ಮೂರನೇ ಸ್ಟಾಪೇ ಪರೇಲ್. ಅದನ್ನು ಆಗಿನ ಎಲ್ಫಿನ್‌ಸ್ಟನ್ ರೋಡ್ (ಈಗ ಪ್ರಭಾದೇವಿ) ಸ್ಟೇಷನ್ನಿಗೆ ಜೋಡಿಸುತ್ತಿದ್ದ ಕಾಲುಸೇತುವೆ ಮೇಲೆ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಏನಾಯಿತು ಅಂತ ಮುಂಬೈಯಲ್ಲಿ ಯಾರಿಗೂ ಹೇಳಬೇಕಿಲ್ಲ. ಜೋರು ಮಳೆ. ಸೇತುವೆ ಮೇಲಿದ್ದವರು ಇಳಿಯಲಿಲ್ಲ, ಹೊರಗಿನಿಂದ ಜನ ಹತ್ತುತ್ತಲೇ ಇದ್ದರು. ಕಾಲ್ತುಳಿತದಲ್ಲಿ 23 ಜನ ಸತ್ತರು. ಸೇತುವೆ ಕಿರಿದು ಅನ್ನೋದು ದಿನಾ ಓಡಾಡುವವರಿಗೆಲ್ಲ ಮೊದಲೇ ಗೊತ್ತಿತ್ತು.

ನನ್ನ ತಕರಾರು ಕಲ್ಲಿನ ಮೇಲಲ್ಲ, ಯಾವುದು ಮೊದಲು ಅನ್ನೋ ಸರದಿಯ ಮೇಲೆ. 'ದುಡ್ಡು ದಾನಿಗಳದ್ದು ತಾನೇ' ಅಂತಾರೆ. ಸರಿ, ಆದರೆ ದಾನಿಗಳು ಬರುವುದು ಮುಂಭಾಗದ ಅಂದಕ್ಕೆ. ಹೆಂಗಸರ ಶೌಚಾಲಯಕ್ಕೆ, ಮಂಡಿನೋವಿನ ಅಜ್ಜಿಗೆ ಬೇಕಾದ ಲಿಫ್ಟಿಗೆ ಯಾರು ಬರ್ತಾರೆ? ಇನ್ನೊಂದು ಮಾತು. ಲೋಕಲ್ ರೈಲುಗಳು ಒಂಬತ್ತು ಡಬ್ಬಿಯಿಂದ ಹನ್ನೆರಡಾದವು, ಕೆಲವು ಹದಿನೈದೂ ಆದವು. ಸ್ಟೇಷನ್ನೂ ಬೆಳೆಯಬೇಕಲ್ವಾ? 'ಪಾರಂಪರಿಕ' ಅನ್ನೋ ಬೋರ್ಡು ಬಿದ್ದ ಮೇಲೆ ಒಂದು ಬಾಗಿಲು ಅಗಲ ಮಾಡಬೇಕಂದ್ರೂ ಫೈಲು ಮೇಜಿಂದ ಮೇಜಿಗೆ ಅಲೆಯುತ್ತದೆ.

ಕೆಡವಿ ಅಂತ ನಾನು ಹೇಳ್ತಿಲ್ಲ. ಮುಂದಿನ ದಾನಿ ಬಂದಾಗ ಮೊದಲು ಅವರನ್ನು ಬೆಳಿಗ್ಗೆ ಒಂಬತ್ತಕ್ಕೆ ಸೇತುವೆ ಹತ್ತಿಸಿ. ಕಮಾನು ಆಮೇಲೆ ತೋರಿಸಿ.