ಬುಧವಾರ ಬನ್ನಿ

ವಾರಕ್ಕೆ ಏಳು ದಿನ ಎಂಬ ನಂಬಿಕೆಯಲ್ಲಿ ನಾನು ಬೆಳೆದವನು. ಹಳೆಯ ಕಾರುಗಳ ಬಿಡಿಭಾಗಗಳಿಗೆ ಮರುಜೀವ ಕೊಡುವವರ ಪಂಚಾಂಗದಲ್ಲಿ ಇರುವುದು ಒಂದೇ ದಿನ, ಅದು ಬರುವ ಬುಧವಾರ. ಅದು ಸದಾ ಬರುತ್ತಲೇ ಇರುತ್ತದೆ, ಬಂದು ಮುಟ್ಟಿದ ದಾಖಲೆಯಿಲ್ಲ.

ನಮ್ಮ ಮನೆಯಲ್ಲಿ 1975ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪನದು. ಮೂಲದಲ್ಲಿ ಇಟಲಿಯ ಫಿಯಟ್ 1100. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತ ಮೊದಲು ಪ್ರೆಸಿಡೆಂಟ್ ಆಯಿತು, 1974ರ ಹೊತ್ತಿಗೆ ರಜಪೂತ ರಾಣಿಯ ಹೆಸರು ಪಡೆಯಿತು. ರಾಷ್ಟ್ರಪತಿಯಾಗಿದ್ದವರು ಆಮೇಲೆ ರಾಣಿಯಾದ ಉದಾಹರಣೆ ನಮ್ಮ ಗಣರಾಜ್ಯದಲ್ಲಿ ಬೇರೆ ಇಲ್ಲ. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಎಂಜಿನ್, ಬೆಳಗಿನ ಚಳಿಯಲ್ಲಿ ಚೋಕ್ ಎಳೆದರೆ ನಶ್ಯ ಏರಿಸಿಕೊಂಡ ತಾತನಂತೆ ಒಂದೆರಡು ಸೀನು, ಅಷ್ಟೇ. ಆರೋಗ್ಯ ಗಟ್ಟಿ. ಮುಂದಿನ ಬಂಪರಿನ ಹೊಳಪು ಮಾತ್ರ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು.

2021ರ ಜುಲೈಯಲ್ಲಿ ಆ ಬಂಪರನ್ನು ಬಿಚ್ಚಿ, ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ, ಆಟೊದಲ್ಲಿ ಅಡ್ಡಲಾಗಿ ಮಲಗಿಸಿಕೊಂಡು ಪೀಣ್ಯದ ಕಡೆ ಹೊರಟೆ. ಆಟೊ ಚಾಲಕ ಕನ್ನಡಿಯಲ್ಲಿ ನೋಡಿ, "ಯಾರು ಸರ್ ತೀರಿಕೊಂಡದ್ದು?" ಎಂದು ಕೇಳಿದ. ನಕ್ಕುಬಿಟ್ಟೆ. ಆಗಿನ್ನೂ ನಗುವ ಶಕ್ತಿ ಇತ್ತು.

ಕ್ರೋಮ್ ಹಾಕುವ ಮೇಸ್ತ್ರಿ ಬಂಪರನ್ನು ಬೆರಳ ಗಂಟಿನಿಂದ ಕುಟ್ಟಿದರು, ಕಿವಿಗೊಟ್ಟು ಕೇಳಿದರು, ಎಕ್ಸ್‌ರೇ ನೋಡಿದ ವೈದ್ಯರಂತೆ ಉಸಿರೆಳೆದುಕೊಂಡರು. "ಇಂಥ ತಗಡು ಈಗ ಬರುವುದಿಲ್ಲ ಸರ್" ಎಂದರು. ಅರ್ಧ ಹಣ ಮುಂಗಡ ಇಸಿದುಕೊಂಡರು. ಯಾವಾಗ ಸಿಗುತ್ತದೆ ಎಂದೆ. "ಬುಧವಾರ ಬನ್ನಿ" ಎಂದರು.

ಯಾವ ಬುಧವಾರ ಎಂದು ಕೇಳಬೇಕಿತ್ತು. ಇಸವಿಯನ್ನೂ ಸೇರಿಸಿ ಕೇಳಬೇಕಿತ್ತು.

ಮೊದಲ ಕೆಲವು ತಿಂಗಳು ಕೊರೊನಾ ಎಂದರು. ಅದನ್ನು ಪ್ರಶ್ನಿಸುವಷ್ಟು ಕಲ್ಲುಮನಸ್ಸು ಯಾರಿಗೂ ಇರಲಿಲ್ಲ. ಆಮೇಲೆ 2022ರ ಮಾರ್ಚಿನಲ್ಲಿ ಮೇಸ್ತ್ರಿ ಫೋನಿನಲ್ಲಿ, "ನಿಕ್ಕಲ್ ರೇಟು ಆಕಾಶಕ್ಕೆ ಹೋಗಿದೆ ಸರ್, ಪೇಟೆಯನ್ನೇ ಮುಚ್ಚಿಬಿಟ್ಟಿದ್ದಾರೆ" ಎಂದರು. ಪೇಟೆ ಮುಚ್ಚಿದ್ದಾರಂತೆ! ಇಂಥ ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ಹಲ್ಲು ಕಡಿದೆ. ಸಂಜೆ ಪತ್ರಿಕೆ ಬಿಡಿಸಿದರೆ ಅಕ್ಷರಶಃ ನಿಜ. ಲಂಡನ್ನಿನ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ ವ್ಯವಹಾರವನ್ನೇ ನಿಲ್ಲಿಸಿದ್ದರು. ನನ್ನ ಬಂಪರ್ ಅಂತರರಾಷ್ಟ್ರೀಯ ಬಿಕ್ಕಟ್ಟಿನ ಭಾಗವಾಗಿದೆ ಎಂದು ತಿಳಿದು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದೆ. ಲಂಡನ್ನಿನಲ್ಲಿ ಬೆಲೆ ಏರಿದ ಸುದ್ದಿ ಪೀಣ್ಯಕ್ಕೆ ಅದೇ ದಿನ ತಲುಪಿತು. ಇಳಿದ ಸುದ್ದಿ ತಲುಪಲು ಒಂದು ವರ್ಷ ಹಿಡಿಯಿತು.

ಅಷ್ಟರಲ್ಲಿ 2023ರ ವಿಧಾನಸಭಾ ಚುನಾವಣೆ ಬಂತು. ಬಫಿಂಗ್ ಮಾಡುವ, ಅಂದರೆ ಲೋಹ ಉಜ್ಜಿ ಹೊಳಪು ತರುವ ಹುಡುಗರು ಮತ ಹಾಕಲು ಊರಿಗೆ ಹೋದರು. ಫಲಿತಾಂಶ ಬಂತು, ಸರ್ಕಾರ ಬಂತು, ಗ್ಯಾರಂಟಿಗಳು ಬಂದವು, ಹುಡುಗರು ಬರಲಿಲ್ಲ. ಬಂದಾಗ ಆಷಾಢ. ಆಷಾಢ ಕಳೆದರೆ ಮಳೆ. ಮಳೆಯಲ್ಲಿ ಕ್ರೋಮ್ ಸರಿಯಾಗಿ ಹತ್ತುವುದಿಲ್ಲವಂತೆ. ಮಳೆ ನಿಂತರೆ ಆಯುಧಪೂಜೆ. ಆ ವರ್ಷದ ಪೂಜೆಯ ಚಿತ್ರವನ್ನು ಮೇಸ್ತ್ರಿಯೇ ಮೊಬೈಲಿಗೆ ಕಳುಹಿಸಿದ್ದರು. ಲೇತ್ ಯಂತ್ರದ ಪಕ್ಕದಲ್ಲಿ ನನ್ನ ಬಂಪರು, ಮೈತುಂಬ ಕುಂಕುಮ, ಎರಡು ತುದಿಗೂ ಚೆಂಡು ಹೂ. ಇತ್ತ ಮನೆಯಲ್ಲಿ ಬಂಪರಿಲ್ಲದ ಪದ್ಮಿನಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದೆವು. ಒಂದೇ ಕಾರು ಒಂದೇ ದಿನ ಎರಡು ಕಡೆ ಪೂಜೆ ಮಾಡಿಸಿಕೊಂಡಿತು. ಉತ್ಸವಮೂರ್ತಿ ಅಲ್ಲಿ, ಮೂಲವಿಗ್ರಹ ಇಲ್ಲಿ.

ಚಿತ್ರಗಳ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾನು ಗಟ್ಟಿಯಾಗಿ ಕೇಳಿದಾಗಲೆಲ್ಲ "ಕೆಲಸ ನಡೆಯುತ್ತಿದೆ" ಎಂಬ ಸಾಲಿನೊಂದಿಗೆ ಬಂಪರಿನ ಚಿತ್ರವೊಂದು ಬರುತ್ತಿತ್ತು. 2024ರಲ್ಲಿ ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಗೋಡೆಯಲ್ಲಿ ಗಣಪತಿಯ ಕ್ಯಾಲೆಂಡರ್ ತೂಗುತ್ತಿತ್ತು. ಇಸವಿ 2022. ಕೇಳಿದ್ದಕ್ಕೆ ಮೇಸ್ತ್ರಿ, "ಒಳ್ಳೆಯ ಗಣಪತಿ ಸರ್, ತೆಗೆಯಲು ಮನಸ್ಸು ಬರಲಿಲ್ಲ" ಎಂದರು. ದೇವರ ವಿಷಯದಲ್ಲಿ ಜಗಳವಾಡಬಾರದು.

ಇದು ಎಷ್ಟು ಹೊತ್ತಿನ ಕೆಲಸ ಎಂದು ಓದಿ ತಿಳಿದುಕೊಂಡದ್ದು ನನ್ನ ತಪ್ಪು. ಹಳೆಯ ಕ್ರೋಮ್ ಕಿತ್ತು, ತಗ್ಗು ಬಡಿದು, ಉಜ್ಜಿ, ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಹೊಳಪಿನ ಬಹುಪಾಲು ನಿಕ್ಕಲಿನದು, ಹೆಸರೆಲ್ಲ ಕ್ರೋಮಿನದು. ಕಚೇರಿಯಲ್ಲಿ ದುಡಿದವರಿಗೆ ಈ ಪದ್ಧತಿಯನ್ನು ವಿವರಿಸಬೇಕಿಲ್ಲ. ಆ ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅದಕ್ಕಾಗಿ ಬಂಪರು ತೊಟ್ಟಿಯಲ್ಲಿ ಮುಳುಗಿರಬೇಕಾದದ್ದು ಕೆಲವೇ ನಿಮಿಷ. ಉಳಿದ ಸಮಯವೆಲ್ಲ ಎಲ್ಲಿ ಹೋಯಿತು ಎಂದರೆ ಮೇಸ್ತ್ರಿ ಸಮಾಧಾನವಾಗಿ, "ಉಜ್ಜುವುದರಲ್ಲೇ ಇರುವುದು ಸರ್" ಎಂದರು. ಸುಳ್ಳೇನಲ್ಲ. ಅವರ ಅನ್ನ ನಲ್ಲಿ ಕೊಳವೆಗಳಲ್ಲಿ, ಆಸ್ಪತ್ರೆ ಮಂಚಗಳಲ್ಲಿ ಇದೆ. ಅವು ಸಾವಿರದ ಲೆಕ್ಕದಲ್ಲಿ ಬರುತ್ತವೆ. ಒಂಟಿ ಬಂಪರು ಹಿಡಿದು ಬರುವ ನನ್ನಂಥವನು ಮದುವೆ ಅಡುಗೆಯವರ ಬಳಿ ಹೋಗಿ ಒಂದು ಕಪ್ ಕಾಫಿ ಮಾಡಿಕೊಡಿ ಎಂದು ನಿಂತಂತೆ. ಸಾಲದ್ದಕ್ಕೆ, ತೊಟ್ಟಿಯಲ್ಲಿರುವುದು ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿತ ಬಿಗಿ ಮಾಡಿದರೆ ತಪ್ಪು ಎನ್ನಲಾರೆ. ನನ್ನ ತಕರಾರು ಒಂದೇ. ಆಗುವುದಿಲ್ಲ ಎಂದು ಹೇಳಬಹುದಿತ್ತು. ಬುಧವಾರ ಎನ್ನಬೇಕಾಗಿರಲಿಲ್ಲ.

ತೊಂಬತ್ತರ ದಶಕದಲ್ಲಿ ದೆವ್ವದ ಕಾಟ ತಪ್ಪಿಸಲು ನಮ್ಮ ಕಡೆ ಮನೆಯ ಬಾಗಿಲಿಗೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ದೆವ್ವ ಬಂದು, ಓದಿಕೊಂಡು ಹಿಂದಿರುಗಿ, ಮರುದಿನ ಬಂದು, ಮತ್ತೆ ಓದಿಕೊಂಡು ಹಿಂದಿರುಗುತ್ತಿತ್ತಂತೆ. ದೆವ್ವದ ಮನಸ್ಸಿಗೆ ಹೇಗಾಗಿರಬಹುದು ಎಂದು ಆಗ ಯಾರೂ ಯೋಚಿಸಲಿಲ್ಲ. ನನಗೀಗ ಗೊತ್ತು. ಆದರೂ ಅದರ ಸ್ಥಿತಿ ನನಗಿಂತ ಮೇಲು. ಅದು ಮುಂಗಡ ಕೊಟ್ಟಿರಲಿಲ್ಲ.

ಬಂಪರಿಲ್ಲದ ಕಾರು ಓಡಿಸುವುದೂ ಒಂದು ಅನುಭವ. ಹಲ್ಲುಸೆಟ್ಟು ಮನೆಯಲ್ಲಿ ಮರೆತು ಮದುವೆಗೆ ಬಂದ ದೊಡ್ಡಪ್ಪನಂತೆ ಕಾಣುತ್ತದೆ. ಮುಂದೆ ಕಬ್ಬಿಣದ ಗಾರ್ಡು ಹಾಕಿಸಬೇಡಿ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೇಳಿತ್ತಲ್ಲ, ಅದನ್ನು ನೆನಪಿಟ್ಟುಕೊಂಡಿದ್ದ ನೆರೆಮನೆಯವರು, "ಬಂಪರನ್ನೇ ಬಿಚ್ಚಿಸಿದಿರಲ್ಲ, ಕಾನೂನು ಪಾಲಿಸುವುದೆಂದರೆ ಹೀಗೆ" ಎಂದು ಮೆಚ್ಚಿಕೊಂಡರು. ಸಂಚಾರ ಪೊಲೀಸರು ತಡೆದಾಗ ಮೇಸ್ತ್ರಿ ಕೊಟ್ಟ ಚೀಟಿ ತೋರಿಸಿದೆ. ಅವರು ತಾರೀಖು ನೋಡಿ, ನನ್ನ ಮುಖ ನೋಡಿ, ದಂಡ ಹಾಕದೆ ಕಳುಹಿಸಿದರು. ಬೆಂಗಳೂರಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಕರುಣೆ ಅದು. (ಸ್ಪೀಡೋಮೀಟರನ್ನು ಜೆ.ಸಿ. ರಸ್ತೆಯ ಕಡೆ ಇನ್ನೊಬ್ಬರಿಗೆ ಕೊಟ್ಟಿದ್ದೇನೆ. ಅದರ ಕಥೆ ಬೇರೆ. ಈ ಊರಿನಲ್ಲಿ ವೇಗ ತಿಳಿಯದೆ ಯಾರಿಗೂ ನಷ್ಟವಾಗಿಲ್ಲ.)

ಗದರಬಹುದಲ್ಲ ಎನ್ನುತ್ತೀರಿ. ಗದರುವುದು ಹೇಗೆ? ಒತ್ತೆಯಾಳು ಅವರ ಬಳಿ ಇದೆ. ದೀಪಾವಳಿಗೆ ಸಿಹಿ ಪೆಟ್ಟಿಗೆ ಕೊಟ್ಟುಬಂದೆ. ಯುಗಾದಿಗೆ ಶುಭಾಶಯ ಕಳುಹಿಸಿದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಮೇಸ್ತ್ರಿ ತಾವಾಗಿಯೇ ಫೋನು ಮಾಡಿ, "ಸರ್, ಬುಧವಾರ ತಪ್ಪದೆ ಬನ್ನಿ" ಎಂದರು. ದನಿಯಲ್ಲಿ ಎಂದೂ ಇಲ್ಲದ ಖಚಿತತೆ. ಬೆಡ್‌ಶೀಟು ಒಗೆಸಿ ಇಟ್ಟೆ. ಮರುದಿನ ಲಗ್ನಪತ್ರಿಕೆ ಬಂತು. ಮಗಳ ಮದುವೆ.

ಹೋದೆ. ಮುಹೂರ್ತ 10 ಗಂಟೆ 32 ನಿಮಿಷಕ್ಕೆ ಎಂದು ಅಚ್ಚಾಗಿತ್ತು. 10 ಗಂಟೆ 32 ನಿಮಿಷಕ್ಕೆ ಗಟ್ಟಿಮೇಳ. ಒಂದು ನಿಮಿಷ ಆಚೀಚೆ ಇಲ್ಲ. ಅಕ್ಷತೆ ಹಿಡಿದ ಕೈ ಹಾಗೆಯೇ ನಿಂತಿತು. ಈ ಮನುಷ್ಯನಿಗೆ ಗಡಿಯಾರ ನೋಡಲು ಬರುತ್ತದೆ! ಪಕ್ಕದಲ್ಲಿದ್ದವರು ನನ್ನ ಕಿವಿಯಲ್ಲಿ, "ನಿಮ್ಮದು ಯಾವ ಭಾಗ?" ಎಂದು ಕೇಳಿದರು. ಊರಿನ ಯಾವ ಭಾಗ ಎಂದುಕೊಂಡು ಬಸವನಗುಡಿ ಎಂದೆ. "ಅದಲ್ಲ, ಕಾರಿನದು" ಎಂದರು. ಅವರದು ಸ್ಟ್ಯಾಂಡರ್ಡ್ ಹೆರಾಲ್ಡಿನ ಹೆಡ್‌ಲೈಟ್ ಬಳೆಗಳು, ಆರು ವರ್ಷವಾಗಿತ್ತು. ಊಟದ ಪಂಕ್ತಿಯಲ್ಲಿ ನಮ್ಮ ಸಾಲು ಪೂರ್ತಿ ಗಿರಾಕಿಗಳೇ. ಅಂಬಾಸಡರಿನ ಗ್ರಿಲ್ ಕೊಟ್ಟವರು, ಜೀಪಿನ ಕನ್ನಡಿ ಕೊಟ್ಟವರು, ಯೆಜ್ಡಿ ಬೈಕಿನ ಸೈಲೆನ್ಸರ್ ಕೊಟ್ಟ ಒಬ್ಬ ಹುಡುಗ. ಹುಡುಗ ಎಂದು ನನಗನ್ನಿಸಿತು, ಕೊಟ್ಟಾಗ ಹುಡುಗನಾಗಿದ್ದನಂತೆ. ಎಲ್ಲರೂ ಮುಯ್ಯಿ ಮಾಡಿದ್ದೆವು. ಲಕೋಟೆಯ ಮೇಲೆ ಹೆಸರಿನ ಕೆಳಗೆ ಬಿಡಿಭಾಗದ ಹೆಸರನ್ನೂ ಬರೆದಿದ್ದೆವು, ನೆನಪಿಗಿರಲಿ ಎಂದು.

ಹೋಳಿಗೆ ಬಡಿಸುವವರಿಗಾಗಿ ಕಾಯುತ್ತ ಕೂತಾಗ ಅಪ್ಪ ನೆನಪಾದರು. ಅವರು ಈ ಕಾರಿಗೆ ಹಣ ಕಟ್ಟಿದ್ದು 1968ರಲ್ಲಿ. ಬುಕ್ ಮಾಡಿದ್ದು ಫಿಯಟ್. ಸರದಿ ಬರುವಷ್ಟರಲ್ಲಿ ಅದರ ಹೆಸರು ಎರಡು ಸಲ ಬದಲಾಗಿತ್ತು. 1973ರಲ್ಲಿ ಅರಬರು ಎಣ್ಣೆ ತಡೆಹಿಡಿದು, ಪೆಟ್ರೋಲ್ ಬೆಲೆ ಏರಿ, ಮುಂದಿದ್ದವರು ಹೆದರಿ ಸಾಲು ಬಿಟ್ಟದ್ದರಿಂದ ತನ್ನ ಸರದಿ ಬೇಗ ಬಂತು ಎಂದು ಅಪ್ಪ ಕೊನೆಯವರೆಗೂ ಹಿಗ್ಗುತ್ತಿದ್ದರು. ಬೇಗ ಎಂದರೆ ಏಳು ವರ್ಷ. ಆ ಕಾಲದಲ್ಲಿ ವರ್ಷಕ್ಕೆ ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ದೆಹಲಿಯ ಲೈಸೆನ್ಸು ಬೇಕಿತ್ತು. ಶಿಫಾರಸು ಇದ್ದವನಿಗೆ ಒಂದು ಸಾಲು, ಇಲ್ಲದವನಿಗೆ ಇನ್ನೊಂದು. ಸರದಿ ಬಂದ ಮರುಕ್ಷಣವೇ ಕಾರನ್ನು ಮೇಲ್ದುಡ್ಡಿಗೆ ಮಾರಿ ಮನೆ ಕಟ್ಟಿಸಿಕೊಂಡವರೂ ಇದ್ದರು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಬಿಚ್ಚಿದ ಮೇಲೆ ಆ ಸಾಲು ಸತ್ತುಹೋಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಮೇಸ್ತ್ರಿ ಅದನ್ನು ಎಲ್ಲೋ ಗುಜರಿಯಲ್ಲಿ ಪತ್ತೆಹಚ್ಚಿ, ತುಕ್ಕು ಕೆರೆದು, ಉಜ್ಜಿ, ಮೂಲ ಸ್ಥಿತಿಗೆ ತಂದಿದ್ದಾರೆ. ಒಂದು ಬೋಲ್ಟು ಕೂಡ ಕಡಿಮೆಯಿಲ್ಲ. ಮುಂಗಡ ಇದೆ, ಚೀಟಿ ಇದೆ. ಶಿಫಾರಸೂ ಇದೆ, ನಾನೇ ಅವರ ಷಡ್ಡಕನ ಗೆಳೆಯನಿಂದ ಹೇಳಿಸಿದ್ದೇನೆ. ಮೇಲ್ದುಡ್ಡೂ ಇದೆ: ಹೆರಾಲ್ಡಿನವರು ನನ್ನ ಸರದಿಯನ್ನು ಕೊಂಡುಕೊಳ್ಳಲು ಸಿದ್ಧರಿದ್ದರು, ಹೋಳಿಗೆ ಬರುವಷ್ಟರಲ್ಲಿ ರೇಟು ಹೇಳಿಯೂ ಆಗಿತ್ತು. ಎಪ್ಪತ್ತರ ದಶಕದ ಕಾರಿಗೆ ಎಪ್ಪತ್ತರ ದಶಕದ ಕಾಯುವಿಕೆ. ಇದಕ್ಕಿಂತ ಅಸಲಿ ರೆಸ್ಟೊರೇಷನ್ ಇಟಲಿಯಲ್ಲೂ ಸಿಗಲಾರದು. ಕೊಟ್ಟ ಹಣ ಕಡಿಮೆಯಾಯಿತೇನೋ ಎಂದು ಒಂದು ಕ್ಷಣ ನಾಚಿಕೆಯಾಯಿತು.

ಕಳೆದ ಅಕ್ಟೋಬರಿನಲ್ಲಿ ಕಾರಿಗೆ ಐವತ್ತು ತುಂಬಿತು. ನಾನು ಬಂಪರು ಬಿಚ್ಚಿದ ಅದೇ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತ್ತು: ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನ ವಿಂಟೇಜ್; ಹೊಸ ನೋಂದಣಿಗೆ 20,000 ರೂಪಾಯಿ, ಫಲಕದಲ್ಲಿ ವಿಎ ಎಂಬ ಅಕ್ಷರಗಳು, ಅರವತ್ತು ದಿನದೊಳಗೆ ಪ್ರಮಾಣಪತ್ರ. ಸಾರಿಗೆ ಕಚೇರಿಗೇ ಗಡುವು! ಹದಿನೈದು ತುಂಬಿದಾಗ ಗುಜರಿಗೆ ಹೋಗು ಎಂದು ಗದರುವ ಸರ್ಕಾರ ಐವತ್ತು ತುಂಬಿದಾಗ ಶಾಲು ಹೊದಿಸುತ್ತದೆ. ನಡುವಿನ ಮೂವತ್ತೈದು ವರ್ಷ ಹೇಗೋ ಕಣ್ಣು ತಪ್ಪಿಸಿ ಬದುಕಿಕೊಂಡರಾಯಿತು. ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ದುರಸ್ತಿಗೆ ಮಾತ್ರ ರಸ್ತೆಗಿಳಿಯಬಹುದು. ದುರಸ್ತಿಗೆ ಎಂಬ ಮಾತು ಓದಿ ಸಮಾಧಾನವಾಯಿತು. ನಾವು ಬೇರೆಲ್ಲಿಗೆ ಹೋಗುತ್ತಿದ್ದೆವು?

ನವೆಂಬರಿನಲ್ಲಿ ಬಂಪರು ಬಂತು. ಕೊಟ್ಟಾಗ ಹಳೆಯ ಕಾರಿನದು, ಬಂದಾಗ ವಿಂಟೇಜ್ ಕಾರಿನದು. ಅಂದು ಗುರುವಾರ, ನನಗೆ ತುಸು ಬೇಸರವೇ ಆಯಿತು. ಕೆಲಸದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬೀದಿಯ ಹೊಂಗೆಮರ, ಮೇಲಿನ ತಂತಿಗಳು, ಬಗ್ಗಿ ನೋಡುತ್ತಿದ್ದ ನನ್ನ ನರೆತ ತಲೆ ಎಲ್ಲವೂ ಅದರೊಳಗೆ ನಿಚ್ಚಳವಾಗಿ ಕಾಣುತ್ತಿದ್ದವು. ಕಾರಿಗೆ ಕೂರಿಸಲು ಮೇಸ್ತ್ರಿಯೇ ಬಂದಿದ್ದರು. ನಟ್ಟು ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದರು. ನಾನೂ ನೋಡಿದೆ. ಬಂಪರಿನ ಪಕ್ಕದಲ್ಲಿ ಗ್ರಿಲ್ಲು ಮಂಕಾಗಿ, ಬಾಗಿಲ ಹಿಡಿಗಳು ಇನ್ನೂ ಮಂಕಾಗಿ, ವೀಲ್ ಕಪ್‌ಗಳು ತಂಗಳು ಮುದ್ದೆಯಂತೆ ಕಂಡವು. ನಿನ್ನೆಯವರೆಗೆ ಚೆನ್ನಾಗಿಯೇ ಇದ್ದವು.

ಮೇಸ್ತ್ರಿ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಳಗೆ ಹೋಗಿ ಬೆಡ್‌ಶೀಟು ತಂದೆ.

ಅವರು ಜೇಬಿನಿಂದ ಪುಸ್ತಕ ತೆಗೆದು ಗ್ರಿಲ್ 1, ಹಿಡಿ 4, ಕಪ್ 4 ಎಂದು ಬರೆದುಕೊಂಡರು. ನನ್ನ ಹೆಸರು, ಫೋನ್ ನಂಬರು ಬರೆದರು. ಪೆನ್ನು ತಡೆದು ನನ್ನ ತಲೆಯತ್ತ ಒಮ್ಮೆ ನೋಡಿದರು.

"ಇನ್ನೊಂದು ನಂಬರು ಕೊಟ್ಟಿರಿ ಸರ್" ಎಂದರು. "ಮಗನದಿದ್ದರೆ ಒಳ್ಳೆಯದು."